ಅಗಿಯುವುದು ನಿಂತ ವಾಕ್ಯ

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಪಂಪು ತಯಾರಿಸುವ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದ ಮೊದಲ ವಾರವೇ, ನೋಟಿಸ್ ಬೋರ್ಡಿನ ಮೇಲಿದ್ದ ಸುತ್ತೋಲೆಯ ತಪ್ಪುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. ಆ ಸುತ್ತೋಲೆ ಬರೆದದ್ದು ಸ್ವತಃ ಯಜಮಾನರು. ಕೆಲಸ ಹೋಗಬೇಕಿತ್ತು, ಹೋಗಲಿಲ್ಲ. ಬದಲಿಗೆ ‘ಇನ್ನು ಮುಂದೆ ನೀನೇ ಬರಿ’ ಎಂಬ ಅಪ್ಪಣೆಯೂ ‘ಮೇಷ್ಟ್ರು’ ಎಂಬ ಹೆಸರೂ ಒಟ್ಟಿಗೆ ಬಂದವು. ಅಂದಿನಿಂದ ಇಪ್ಪತ್ತಾರು ವರ್ಷ, ಯಜಮಾನಿಕೆ ಮೂರು ಕೈ ಬದಲಾದರೂ, ಕೆಳಗಿನ ಸಹಿ ಯಾರದೇ ಇರಲಿ, ಮೇಲಿನ ಮಾತು ಮೇಷ್ಟ್ರದೇ.

ಅವರ ಕಾಗದಗಳು ನೇರ ಕಾರ್ಮಿಕರ ಮನಸ್ಸಿಗಿಳಿಯುತ್ತಿದ್ದವು. ಅದರ ಗುಟ್ಟು ಲೇತಣ್ಣ. ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ಆ ಹೆಸರು ಗಳಿಸಿದವನು. ಮೇಷ್ಟ್ರ ಹೆಂಡತಿಯ ಸ್ವಂತ ಅಣ್ಣ. ಹುಡುಗ ಒಳ್ಳೆಯವನೆಂದು ಹೇಳಿ ತಂಗಿಯ ಮದುವೆ ಕುದುರಿಸಿದವನೂ ಅವನೇ. ಕಾರ್ಮಿಕರಿಗೆ ಹೋಗಬೇಕಾದ ಯಾವ ಕಾಗದವೇ ಇರಲಿ, ಮೇಷ್ಟ್ರು ಅದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಉಪಕರಣಗಳ ಕೋಣೆಯ ಹಿಂದಿನ ಬೆಂಚಿಗೆ ಒಯ್ಯುತ್ತಿದ್ದರು. ಲೇತಣ್ಣ ಡಬ್ಬಿ ಬಿಚ್ಚಿ, ಕಣ್ಣು ಮುಚ್ಚಿ ಉಣ್ಣುತ್ತಿದ್ದ, ಇವರು ಓದುತ್ತಿದ್ದರು. ಅವನು ಅಗಿಯುವುದು ಎಲ್ಲಿ ನಿಂತಿತೋ ಆ ವಾಕ್ಯ ಕೆಟ್ಟಿತು ಎಂದೇ ಲೆಕ್ಕ.

“ಕಲ್ಲು ಸಿಕ್ತು ನೋಡಿ ಮೇಷ್ಟ್ರೇ,” ಅನ್ನುತ್ತಿದ್ದ. ಮೇಷ್ಟ್ರು ಪೆನ್ನು ತೆಗೆದು ಕಲ್ಲು ಆರಿಸುತ್ತಿದ್ದರು.

ಹೋದ ವರ್ಷ ಸರ್ಕಾರ ಹೊರದೇಶದ ಪಂಪುಗಳ ಮೇಲಿನ ಸುಂಕ ಇಳಿಸಿತು. ಟಿ.ವಿ.ಯಲ್ಲಿ ದಿನವೂ ಚರ್ಚೆ. ಸುಂಕ ಇಳಿದರೆ ಕೊಳ್ಳುವವರಿಗೆ ಲಾಭ ಎಂದು ಒಬ್ಬರು, ಇಲ್ಲಿಯವರ ಕೆಲಸಕ್ಕೆ ಕುತ್ತು ಎಂದು ಇನ್ನೊಬ್ಬರು; ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕಾರ್ಖಾನೆಯ ಕ್ಯಾಂಟೀನಿನಲ್ಲಂತೂ ಚಹಾ ಲೋಟ ಹಿಡಿದವರೆಲ್ಲ ಹಣಕಾಸು ಮಂತ್ರಿಗಳೇ. ಅಷ್ಟರಲ್ಲಿ ಕಂಪನಿಗೆ ಹೊಸ ಮುಖ್ಯಸ್ಥೆ ಬಂದರು. ಎಲ್ಲರೂ ಅವರನ್ನು ಮೇಡಂ ಅಂದರು. ಕೂಗಾಡುವವರಲ್ಲ, ಬಾಗಿಲು ಸದಾ ತೆರೆದಿಟ್ಟುಕೊಳ್ಳುವವರು. ಅವರು ಮೇಷ್ಟ್ರನ್ನು ಕರೆದು, ಲೇತ್ ವಿಭಾಗದ ಹಿರಿಯ ನಲವತ್ತು ಜನರಿಗೆ ಸ್ವಯಂ ನಿವೃತ್ತಿಯ ಕಾಗದ ಬರೆಯಲು ಹೇಳಿದರು.

ಆ ನಲವತ್ತರಲ್ಲಿ ಲೇತಣ್ಣನೂ ಇದ್ದ. ಮೇಷ್ಟ್ರಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು, ಏಕೆಂದರೆ ಆಡಳಿತ ಮಂಡಳಿಯ ಸಭೆಯ ನಡಾವಳಿ ಟೈಪು ಮಾಡಿದವರು ಅವರೇ. ಸಹಿ ಹಾಕದವರನ್ನು ಕಂಪನಿ ತೆಗೆಯುವುದಿಲ್ಲ. ವರ್ಷದೊಳಗೆ ಹೊಸ ಕಂಪ್ಯೂಟರ್ ಯಂತ್ರಗಳು ಬರುತ್ತವೆ, ಉಳಿದವರಿಗೆ ಅವುಗಳ ಮೇಲೆ ತರಬೇತಿ. ಇದು ಕಾರ್ಮಿಕರ ಕಿವಿಗೆ ಬಿದ್ದರೆ ಒಬ್ಬನೂ ಹೊರಡುವುದಿಲ್ಲ ಎಂಬುದು ಮಂಡಳಿಯ ಚಿಂತೆ.

“ಯಂತ್ರದ ವಿಷಯ ಕಾಗದದಲ್ಲಿ ಬರೋದು ಬೇಡ್ವಾ ಮೇಡಂ?” ಮೇಷ್ಟ್ರು ಕೇಳಿದರು.

“ಸುಳ್ಳು ಒಂದೂ ಬರೀಬೇಡಿ. ಬರೆದದ್ದೆಲ್ಲ ನಿಜಾನೇ ಇರ್ಲಿ,” ಎಂದರು ಮೇಡಂ. “ಆದ್ರೆ ನಿಜ ಎಲ್ಲಾನೂ ಬರೀಬೇಕು ಅಂತ ಏನಿಲ್ವಲ್ಲ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಕಾಗದ ಬರೆಯುವುದರಲ್ಲಿ ಮೇಷ್ಟ್ರನ್ನು ಮೀರಿಸಿದವರಿಲ್ಲ. ಮೂರು ದಿನ ತಿದ್ದಿದರು. ಭಾವನ ಹೆಸರು ಪಟ್ಟಿಯಲ್ಲಿದೆ ಎಂಬುದು ಮನಸ್ಸಿನ ಮೂಲೆಯಲ್ಲಿ ಚುಚ್ಚುತ್ತಿತ್ತು, ಆದರೆ ವಾಕ್ಯವೊಂದು ಸರಿಯಾಗಿ ಕೂತಾಗ ಆಗುವ ಹಿಗ್ಗು ಆ ನೋವನ್ನು ಮರೆಸುತ್ತಿತ್ತು. ಕೊನೆಗೆ ಅವರು ಮಾಡಿದ್ದು ಇದು: ಅಭ್ಯಾಸಬಲದಿಂದ ಕಾಗದವನ್ನು ಬೆಂಚಿಗೆ ಒಯ್ದರು.

“ಇದು ಬೇರೆ ಊರಿನ ನಮ್ಮ ಘಟಕಕ್ಕೆ, ಭಾವ,” ಎಂದು ಹೇಳಿ ಓದತೊಡಗಿದರು.

ಲೇತಣ್ಣನ ದವಡೆ ನಡುವೆ ನಿಂತಿತು. ‘ಬದಲಾದ ಮಾರುಕಟ್ಟೆ ಪರಿಸ್ಥಿತಿಯಲ್ಲಿ’ ಎಂದು ಶುರುವಾಗುವ ವಾಕ್ಯ ಅದು.

“ದೊಡ್ಡ ಕಲ್ಲು ಮೇಷ್ಟ್ರೇ. ಮನುಷ್ಯರು ಹೀಗೆ ಮಾತಾಡ್ತಾರಾ? ನಮ್ಮ ಸೋದರಮಾವ ಬಂದು ಎರಡು ವರ್ಷ ಮನೇಲಿ ಠಿಕಾಣಿ ಹೂಡಿದ್ದ. ನಮ್ಮಮ್ಮ ಒಂದು ದಿನ ಅವನ ಮುಂದೆ ಕೂತು ಏನಂದ್ಲು ಗೊತ್ತಾ? ‘ಹೋಗು ಅನ್ನೋಕೆ ನಂಗೆ ಬಾಯಿ ಬರ್ತಿಲ್ಲ, ಇರು ಅನ್ನೋಕೆ ಧೈರ್ಯ ಇಲ್ಲ.’ ಮಾರನೇ ದಿನ ಅವನೇ ಪೆಟ್ಟಿಗೆ ಕಟ್ಟಿದ. ಸಾಯೋವರೆಗೂ ಅಕ್ಕನ ಮೇಲೆ ಒಂದು ಕೆಟ್ಟ ಮಾತಾಡ್ಲಿಲ್ಲ. ಮಾತು ಅಂದ್ರೆ ಅದು.”

ಮೇಷ್ಟ್ರ ಪೆನ್ನು ತಾನಾಗಿಯೇ ಓಡಿತು. ‘ಹೋಗಿ ಎನ್ನಲು ನಮಗೆ ಬಾಯಿ ಬರುತ್ತಿಲ್ಲ, ಇರಿ ಎನ್ನುವ ಧೈರ್ಯವೂ ಇಲ್ಲ.’ ಮತ್ತೆ ಓದಿದಾಗ ಲೇತಣ್ಣ ಎಲ್ಲೂ ನಿಲ್ಲದೆ ಊಟ ಮುಗಿಸಿದ.

ಹತ್ತು ದಿನ ಕಳೆದು, ಒಂದು ಭಾನುವಾರ ಲೇತಣ್ಣ ಆ ಕಾಗದ ಹಿಡಿದು ಮನೆಗೆ ಬಂದ. ಮೇಷ್ಟ್ರ ಹೆಂಡತಿ ಮಾರುಕಟ್ಟೆಗೆ ಹೋಗಿದ್ದಳು. ಮೇಷ್ಟ್ರೇ ಚಹಾ ಮಾಡಿಕೊಟ್ಟರು. ಬೇರೆ ಊರಿನ ಘಟಕ ಎಂದಿರಲ್ಲ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಇಂದಿಗೂ ಅನ್ನಿಸುತ್ತದೆ.

“ಒಂದೇ ಮಾತು ಕೇಳ್ತೀನಿ ಮೇಷ್ಟ್ರೇ. ಸಹಿ ಹಾಕ್ಲಾ, ಬೇಡ್ವಾ?”

‘ಹಾಕಬೇಡಿ’ ಎಂಬ ಒಂದೇ ಒಂದು ಮಾತು ಸಾಕಿತ್ತು. ಅದು ಗಂಟಲವರೆಗೂ ಬಂತು. ಕೆಲಸ ಹೋದೀತೆಂಬ ಭಯ ತಡೆಯಿತು ಎಂದು ಮೇಷ್ಟ್ರು ಆಮೇಲೆ ತಮಗೆ ತಾವೇ ಹೇಳಿಕೊಂಡರು. ಅದು ಅರ್ಧ ನಿಜ. ಇನ್ನರ್ಧ ಹೇಳಲು ನಾಚಿಕೆಗೇಡು: ತಾವು ಬರೆದ ಅತ್ಯುತ್ತಮ ಕಾಗದ ಫಲ ಕೊಡುವುದನ್ನು ನೋಡುವ ಆಸೆ.

“ನಿರ್ಧಾರ ನಿಮ್ದು ಭಾವ. ಕಾಗದದಲ್ಲಿ ಇರೋದೆಲ್ಲ ನಿಜಾನೇ.”

ಲೇತಣ್ಣ ಬಹಳ ಹೊತ್ತು ಕೂತಿದ್ದ, ಆಮೇಲೆ ಎದ್ದು ಹೋದ. ಸೋಮವಾರ ಸಹಿ ಹಾಕಿದ. ಹಿರಿಯ ಲೇತಣ್ಣನೇ ಹಾಕಿದ ಮೇಲೆ ಇನ್ನೇನು ಎಂದು ಅವನ ಹಿಂದೆ ಮೂವತ್ತನಾಲ್ಕು ಜನ ಹಾಕಿದರು. ಹಾಕದೆ ಉಳಿದ ಐವರು ಈಗ ಗಾಜಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಹೊಸ ಯಂತ್ರ ನಡೆಸುತ್ತಾರೆ. ಲೇತಣ್ಣನ ಕೈಗೆ ಕೆಲಸವಿಲ್ಲ. ಮನೆಯ ನಲ್ಲಿ, ಚಿಲಕ, ಹೊಲಿಗೆ ಯಂತ್ರ ಎಲ್ಲ ಬಿಚ್ಚಿ ಜೋಡಿಸಿ ಮುಗಿದ ಮೇಲೆ ನೆರೆಮನೆಯವರ ಗೇಟು ರಿಪೇರಿಗೆ ಹಿಡಿದಿದ್ದಾನೆ.

ಅವನ ಮನೆಗೆ ಹೋಗುವುದನ್ನು ಮೇಷ್ಟ್ರು ನಿಲ್ಲಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರಾದರೂ ‘ನಿಮ್ಮ ಭಾವ ಹೇಗಿದ್ದಾರೆ?’ ಎಂದರೆ ಸಾಕು, ‘ಅವರಾಗೇ ಬಿಟ್ಟಿದ್ದು’ ಎನ್ನುತ್ತಿದ್ದರು. ಕೇಳಿದವರು ಅದನ್ನು ಕೇಳಿರಲೇ ಇಲ್ಲ.

ಹೀಗಿರುವಾಗ ಒಂದು ಸಂಜೆ ಮೇಡಂ ಟಿ.ವಿ.ಯಲ್ಲಿ ಬಂದರು. ಮಾನವೀಯ ನಾಯಕತ್ವದ ಬಗ್ಗೆ ಉದ್ಯಮಿಗಳ ಸಮ್ಮೇಳನ. ಒಂದೂ ಮುಷ್ಕರವಿಲ್ಲದೆ ಕಂಪನಿಯನ್ನು ಉಳಿಸಿದ್ದು ಹೇಗೆ ಎಂದು ಅವರು ವಿವರಿಸುತ್ತಿದ್ದರು. ಹಿಂದಿನ ದೊಡ್ಡ ಪರದೆಯ ಮೇಲೆ ಒಂದೇ ವಾಕ್ಯ. ಹೋಗಿ ಎನ್ನಲು ನಮಗೆ ಬಾಯಿ ಬರುತ್ತಿಲ್ಲ. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆಯೆತ್ತಿದಳು. “ರೀ, ಇದು ನಮ್ಮಮ್ಮನ ಮಾತು. ಸೋದರಮಾವನಿಗೆ ಹೇಳಿದ್ದು. ಆ ಹೆಂಗಸಿಗೆ ಹೇಗೆ ಸಿಕ್ತು?”

“ಯಾರು ಬೇಕಾದ್ರೂ ಹಾಗೆ ಅನ್ನಬಹುದಲ್ಲ,” ಎಂದರು ಮೇಷ್ಟ್ರು. ಇಪ್ಪತ್ತಾರು ವರ್ಷ ಸುಳ್ಳು ಬರೆಯದ ಮನುಷ್ಯ ಹೆಂಡತಿಯ ಮುಖ ನೋಡದೆ ಸುಳ್ಳು ಹೇಳಿದರು. ಆ ಕ್ಷಣ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು.

ಮರುದಿನ ರಜೆ ಹಾಕಿ ಕಾಗದ ಬರೆದರು. ಮೊದಲ ಸಲ, ಕೆಳಗಿನ ಸಹಿಯೂ ತಮ್ಮದೇ. ಮಧ್ಯಾಹ್ನ ಅದನ್ನು ಹಿಡಿದು ಲೇತಣ್ಣನ ಮನೆಗೆ ಹೋದಾಗ ಅವನು ಊಟಕ್ಕೆ ಕೂತಿದ್ದ. ಹೆಂಡತಿ ಮಗಳ ಮನೆಗೆ ಹೋಗಿದ್ದಾಳೆ, ಬನ್ನಿ ಎಂದ.

“ಒಂದು ಕಾಗದ ಇದೆ ಭಾವ. ಓದ್ಲಾ?”

ಲೇತಣ್ಣ ಕಣ್ಣು ಮುಚ್ಚಿದ. ಮೇಷ್ಟ್ರು ಎಲ್ಲ ಓದಿದರು: ನಡಾವಳಿ, ಹೊಸ ಯಂತ್ರ, ಸಹಿ ಹಾಕದಿದ್ದರೆ ಉಳಿಯುತ್ತಿದ್ದ ಕೆಲಸ, ಬೇರೆ ಊರಿನ ಘಟಕವೆಂಬ ಸುಳ್ಳು, ಆ ಭಾನುವಾರ ನುಂಗಿದ ಒಂದು ಮಾತು. ಓದುತ್ತ ಓದುತ್ತ ಅವನ ದವಡೆಯನ್ನೇ ನೋಡುತ್ತಿದ್ದರು. ಅದು ಒಮ್ಮೆಯೂ ನಿಲ್ಲಲಿಲ್ಲ.

“ಗೊತ್ತಿತ್ತಾ ಭಾವ?”

“ಯಂತ್ರ ಗಿಂತ್ರ ಗೊತ್ತಿರ್ಲಿಲ್ಲ. ನೀವು ಏನೋ ಮುಚ್ಚಿಡ್ತಿದ್ದೀರಿ ಅನ್ನೋದು ಗೊತ್ತಿತ್ತು,” ಎಂದ ಲೇತಣ್ಣ, ತಟ್ಟೆಯ ಅಂಚಿಗೆ ಬೆರಳು ಒರೆಸುತ್ತ. “ನಂಗೇ ಬಂದ ಕಾಗದದಲ್ಲಿ ನಮ್ಮಮ್ಮನ ಮಾತು ಕಂಡ ಕೂಡ್ಲೇ ಗೊತ್ತಾಯ್ತು.”

“ಮತ್ತೆ ಯಾಕೆ ಸಹಿ ಹಾಕಿದ್ರಿ?”

“ಅವತ್ತು ನಿಮ್ಮನೇಲಿ ಚಹಾ ಆರಿ ತಣ್ಣಗಾಗೋವರೆಗೂ ಕೂತಿದ್ದೆ. ‘ಇರಿ ಭಾವ’ ಅಂತೀರೇನೋ ಅಂತ ಕಾದೆ. ನೀವು ಅನ್ಲಿಲ್ಲ. ನೀವೇ ಅನ್ನದಿದ್ದ ಮೇಲೆ ನಾನು ಅಲ್ಲಿ ಯಾರಿಗೋಸ್ಕರ ಇರ್ಬೇಕಿತ್ತು?”

ಮೇಷ್ಟ್ರಿಗೆ ಅಳು ಬಂತು, ಅತ್ತರು. ಲೇತಣ್ಣ ಸಮಾಧಾನ ಮಾಡಲಿಲ್ಲ, ಎದ್ದು ಹೋಗಿ ಅಂತಲೂ ಹೇಳಲಿಲ್ಲ. ಕೈ ತೊಳೆದು ಬಂದು ಕೇಳಿದ: “ಇದನ್ನ ತಂಗಿಗೆ ಓದಿದ್ರಾ?”

“ಇಲ್ಲ.”

“ನನ್ನ ಹತ್ರ ಪರೀಕ್ಷೆ ಮಾಡ್ಕೊಂಡು ಹೋಗೋದು ಸಾಕು ಮೇಷ್ಟ್ರೇ. ಅವಳಿಗೆ ಓದಿ.”

ಆ ರಾತ್ರಿ ಮನೆಯಲ್ಲಿ ಹೆಂಡತಿ ಊಟಕ್ಕೆ ಕೂತಾಗ ಮೇಷ್ಟ್ರು ಎದುರಿಗೆ ಕೂತು ಕಾಗದ ಬಿಡಿಸಿದರು. ಯಾರದ್ದು ಎಂದು ಅವಳು ಕೇಳಿದಳು. ನಂದೇ, ನಿಮ್ಮಣ್ಣನಿಗೆ ಬರೆದದ್ದು ಎಂದರು. ಮೊದಲ ವಾಕ್ಯಕ್ಕೇ ಅವಳು ಅಗಿಯುವುದು ನಿಂತಿತು. ಮೇಷ್ಟ್ರು ಪೆನ್ನು ತೆಗೆಯಲಿಲ್ಲ, ಮುಂದಕ್ಕೆ ಓದಿದರು.