ಹೆಸರು ಬಾರದಂತೆ ಹೊಲಿಯುವ ಕೈ

ಬೆಳಕು ಹರಿಯುವ ಹೊತ್ತಿಗೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತದೆ. ದರ್ಜಿ ಅಮ್ಮ ಕೊನೆಯ ದಾರವನ್ನು ಹಲ್ಲಿನಲ್ಲೇ ಕಡಿದು, ಬೂದು ಬಟ್ಟೆಯ ಮುದ್ದೆಯೊಂದನ್ನು ಊಟದ ಮೇಜಿನ ಮೇಲಿಡುತ್ತಾರೆ. ನಿವೃತ್ತ ಬಸ್ ಚಾಲಕರಾದ ಯಜಮಾನರು ಹಲ್ಲುಜ್ಜುತ್ತಲೇ ಬಂದು ನೋಡುತ್ತಾರೆ.

"ಆಮೆ."

"ರೀ, ಸರಿಯಾಗಿ ನೋಡಿ ಹೇಳಿ."

"ಸರಿಯಾಗಿ ನೋಡಿದ್ರೆ ನಮ್ಮ ಹಳೇ ಡಿಪೋ ಮ್ಯಾನೇಜರ್ರು ಕಣೇ. ಮೇಲ್ನೋಟಕ್ಕೆ ಆಮೆ."

ಅಮ್ಮ ನಗುತ್ತಲೇ ಹೊಲಿಗೆ ಬಿಚ್ಚತೊಡಗುತ್ತಾರೆ. ಅವರಿಗೂ ಆಮೆಯೇ ಕಂಡಿತ್ತು. ಇಬ್ಬರಿಗೆ ಒಂದೇ ಹೆಸರು ಹೊಳೆದರೆ ಆ ವಸ್ತು ಕೆಲಸಕ್ಕೆ ಬಾರದು.

ಈ ವಿಚಿತ್ರ ಕೆಲಸ ಅವರಿಗೆ ಸಿಕ್ಕಿದ್ದು ವಿಶ್ವವಿದ್ಯಾಲಯದ, ಮನುಷ್ಯನ ಕಲ್ಪನೆಯನ್ನು ಅಭ್ಯಾಸ ಮಾಡುವ ಕೇಂದ್ರದಿಂದ. ಅಲ್ಲಿ ಮಕ್ಕಳ ಕೈಗೆ ಒಂದು ವಸ್ತು ಕೊಟ್ಟು 'ಇದು ಏನೇನು ಆಗಬಹುದು?' ಎಂದು ಕೇಳುತ್ತಾರೆ. ಅದು ಮೊದಲೇ ಏನೋ ಒಂದರಂತೆ ಕಂಡುಬಿಟ್ಟರೆ ಮಗು ಊಹಿಸಲು ಉಳಿಯುವುದೇನು?

ಪ್ರಾಯದಲ್ಲಿ ಅವರು ಅಲ್ಲಿಗೆ ಹೋಗಿದ್ದು ಕಿಟಕಿ ಪರದೆ ಹೊಲಿಯಲು. ಮಕ್ಕಳ ಕೈಗೆ ಕೊಡುವ ವಸ್ತು ಹೇಗಿರಬೇಕೆಂದು ಸಭಾಂಗಣದಲ್ಲಿ ಮೂವರು ಜಗಳಕ್ಕೆ ನಿಂತಿದ್ದರು. ಎರಡು ಬದಿ ಒಂದೇ ಥರ ಇದ್ದರೆ ಮುಖ ಕಾಣುತ್ತದೆ, ಕೂಡದು ಎಂದು ಗಣಿತದ ಮೇಷ್ಟ್ರು. ಭಾರ ಒಂದು ಕಡೆ ವಾಲದಿದ್ದರೆ ಹಿಡಿದವರ ಮೈ ಮಾತಾಡುವುದಿಲ್ಲ ಎಂದು ನೃತ್ಯದ ಗುರುಗಳು. ಹಣ್ಣು, ತರಕಾರಿಯ ಬಣ್ಣ ಬೇಡವೇ ಬೇಡ ಎಂದು ಮನಶ್ಶಾಸ್ತ್ರದ ಮೇಡಂ.

"ಆ ಮೂವರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಆಗ್ತಿರ್ಲಿಲ್ಲ. ನಂಗೆ ಮೂವರದ್ದೂ ಆಗ್ತಿರ್ಲಿಲ್ಲ. ಅದಕ್ಕೇ ಮೂವರೂ ನಂಗೇ ಬಿಡಿಸಿ ಹೇಳೋಕೆ ಶುರು ಮಾಡಿದ್ರು," ಎನ್ನುತ್ತಾರೆ ಅಮ್ಮ. ಪರದೆಯ ಉಳಿದ ತುಂಡಿನಲ್ಲೇ ಅವರು ಮೊದಲನೆಯದನ್ನು ಹೊಲಿದರು. ಮೂವರೂ ಅದನ್ನು ಕೈಯಿಂದ ಕೈಗೆ ದಾಟಿಸಿ ಸುಮ್ಮನಾದರು. "ಪಾಠ ಮಾಡೋರು ಮೂರು ಜನ ಒಟ್ಟಿಗೆ ಬಾಯಿ ಮುಚ್ಚಿದ್ದನ್ನ ನಾನು ನೋಡಿದ್ದು ಅದೊಂದೇ ಸಲ!"

ಈಗ ಗಣಿತದ ಮೇಷ್ಟ್ರು ಇಲ್ಲ. ನೃತ್ಯದ ಗುರುಗಳು ಮಗಳ ಊರು ಸೇರಿದ್ದಾರೆ. ಉಳಿದ ಮೇಡಂ, ಅಂದು ಆಡಿದ ಮಕ್ಕಳ ಮಕ್ಕಳನ್ನು ಕರೆಸಿ ಅದೇ ಅಧ್ಯಯನವನ್ನು ಮತ್ತೆ ನಡೆಸಲಿದ್ದಾರೆ. ಹಳೆಯ ವಸ್ತುಗಳು ಸವೆದು ಹೋಗಿರುವುದರಿಂದ ಹೊಸವು ಬೇಕು. ಎಲ್ಲ ಆಗಿದೆ, ಒಂದು ಮಾತ್ರ ಬಾಕಿ. "ಆಗದಿದ್ರೆ ಬಿಡಿ ಅಮ್ಮಾ, ಅದೊಂದನ್ನ ಕಂಪ್ಯೂಟರಲ್ಲಿ ಡಿಸೈನ್ ಮಾಡಿಸೋಣ," ಎಂದು ಮೇಡಂ ಫೋನಿನಲ್ಲಿ ಹೇಳಿದ್ದು ಪ್ರೀತಿಯಿಂದಲೇ. ಆದರೂ ಆ ಮಾತು ಅಮ್ಮನಿಗೆ ಚುಚ್ಚಿದೆ.

"ಆಗೆಲ್ಲ ಕೈ ಎಲ್ಲೆಲ್ಲಿಗೋ ಹೋಗ್ತಿತ್ತು. ಈಗ ಎಲ್ಲಿಗೆ ಕಳಿಸಿದ್ರೂ ಮನೆಗೇ ವಾಪಸ್ ಬರುತ್ತೆ," ಎಂದು ಬೆರಳು ನೀವಿಕೊಳ್ಳುತ್ತಾರೆ. ಹೊಲಿದದ್ದು ಒಮ್ಮೆ ಅಪ್ಪನ ಟೋಪಿಯಂತೆ ಕಂಡಿತು. ಇನ್ನೊಮ್ಮೆ ತಂಗಿಯ ಕಾಲುಚೀಲ.

ಮರುದಿನ ಮುಂಜಾನೆ ಮೇಜಿನ ಮೇಲಿರುವುದು ಕಪ್ಪು ಉಣ್ಣೆಯದು. ಯಜಮಾನರು ತಮಾಷೆ ಮಾಡುವುದಿಲ್ಲ. ಕುರ್ಚಿ ಎಳೆದುಕೊಂಡು ಕೂರುತ್ತಾರೆ.

"ನಿಮ್ಮಮ್ಮನ ತುರುಬು ಅಲ್ವೇನೇ?"

ಅಮ್ಮ ಹೌದೆಂದು ತಲೆಯಾಡಿಸುತ್ತಾರೆ.

"ಇದೊಂದು ಇಟ್ಕೋ. ಯಾರಿಗೂ ಹೇಳೋದು ಬೇಡ."

"ಇಟ್ಕೊಂಡ್ರೆ ಇನ್ನೊಂದಕ್ಕೆ ಉಣ್ಣೆ ಎಲ್ಲಿದೆ ರೀ?"

ಇದನ್ನು ಬಿಚ್ಚುವಾಗ ಮಾತ್ರ ಅವರು ಕತ್ತರಿ ಮುಟ್ಟುವುದಿಲ್ಲ. ಒಂದೊಂದೇ ಎಳೆಯನ್ನು ಉಗುರಿನಲ್ಲಿ ಬಿಡಿಸುತ್ತಾರೆ, ಸಿಕ್ಕಾದ ಕೂದಲು ಬಿಡಿಸುವವರ ಹಾಗೆ. ಆ ಉಣ್ಣೆಯನ್ನೆಲ್ಲ ಬೂದು ಬಟ್ಟೆಯೊಳಗೆ ತುಂಬಿ, ಒಂದು ಕಡೆಗೆ ಭಾರ ವಾಲಿಸಿ, ಎರಡು ಬದಿ ಒಂದೇ ಥರ ಆಗದಂತೆ ಹೊಲಿದು ಮುಗಿಸುವಷ್ಟರಲ್ಲಿ ಬಿಸಿಲು ಮೇಜಿನ ತನಕ ಬಂದಿದೆ.

ಯಜಮಾನರು ತಿರುಗಿಸಿ ನೋಡುತ್ತಾರೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡುತ್ತಾರೆ.

"ಏನೇ ಇದು? ಒಂದೂ ಹೊಳೀತಿಲ್ವಲ್ಲೇ."

"ನಂಗೂ ಹೊಳೀತಿಲ್ಲ," ಎನ್ನುವಾಗ ಅಮ್ಮನ ಮುಖ ಅರಳುತ್ತದೆ. ಮೇಡಂಗೆ ಫೋನ್ ಮಾಡಿ, ಕಂಪ್ಯೂಟರ್ ಬೇಡ ಎನ್ನುತ್ತಾರೆ.

ಪೆಟ್ಟಿಗೆಗೆ ಇಡುವ ಮುನ್ನ ಅದನ್ನೊಮ್ಮೆ ಅಂಗೈಯಲ್ಲಿ ತೂಗುತ್ತಾರೆ. "ಮಕ್ಕಳು ಆಡಿ ಆಡಿ ಕೊನೆಗೆ ನನ್ನ ಹತ್ರಾನೇ ಬರ್ತವೆ. ಇದರೊಳಗೆ ಏನಿದೆ ಅಂತ ಕೇಳ್ತವೆ. ಏನೂ ಇಲ್ಲ ಕಂದಾ, ಬರೀ ಉಣ್ಣೆ ಅಂತೀನಿ. ಇಷ್ಟು ವರ್ಷ ಅದು ನಿಜಾನೇ ಆಗಿತ್ತು."