ಗೆರೆ ದಾಟಿದ ಹೆಜ್ಜೆ

ಇಂದು ಹಾವೇರಿಯ ಮೈದಾನವೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಅಂಪೈರರ ಸೀಟಿ ಕೇಳಿತು ನೋಡಿ ಮಹಾಜನಗಳೇ, ನನ್ನೆದೆಯ ಪರದೆ ಸರ್ರನೆ ಮೇಲೆದ್ದಿತು!

ನಾಟಕದಲ್ಲಿ ಪಾತ್ರ ಮಾಡುತ್ತಿದ್ದ ಅಪ್ಪ ನನಗೆ ಕಲಿಸಿದ್ದು ಒಂದೇ: "ಮಾತು ಮುಗದ ಕೂಡ್ಲೆ ಒಂದ್ ಹೆಜ್ಜಿ ಮುಂದ ಬಾರಲೇ, ಚಪ್ಪಾಳಿ ಬೀಳ್ತಾವ."

ನಾನು ಶಾಲೆಯಲ್ಲಿದ್ದಾಗ ಒಮ್ಮೆ ಬ್ಯಾಡಗಿಯಲ್ಲಿ ಪಂದ್ಯ. ನಮ್ಮ ರಾಣೆಬೆನ್ನೂರಿನ ಶಾಲೆ ಒಂದು ಅಂಕ ಹಿಂದಿತ್ತು. ಸಮ ಮಾಡಲು ನನ್ನ ಕೈಯಲ್ಲಿ ಪಂದ್ಯದ ಕೊನೆಯ ಎಸೆತ, ಗೆರೆಯ ಹಿಂದೆ ನಿಂತು ಎಸೆಯುವ ಫ್ರೀ ಥ್ರೋ. ಎಸೆದೆ! ಎಸೆದವನೇ ರೂಢಿಯಂತೆ ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದಿಟ್ಟೆ. ಚೆಂಡು ಬುಟ್ಟಿಗೆ ಬಿತ್ತು. ಆದರೆ ಅಂಪೈರರು ಸೀಟಿ ಊದಿ ಕೈ ಅಡ್ಡಡ್ಡ ಬೀಸಿದರು.

"ಪಾಯಿಂಟ್ ಇಲ್ಲ ತಮ್ಮಾ. ಬಾಲ್ ರಿಂಗಿಗೆ ಮುಟ್ಟೂ ಮೊದ್ಲ ಗೆರಿ ದಾಟೀದಿ."

ಬ್ಯಾಡಗಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾವು ಸೋತೆವು.

"ನಾಟಕ ಮಾಡಾಕ ಬಂದಿದ್ಯೇನಲೇ?" ಎಂದ ನಮ್ಮ ಕ್ಯಾಪ್ಟನ್. ಬಸ್ಸಿನಲ್ಲಿ ಹುಡುಗರು ನಿಂತೇ ಬಂದರು, ನನ್ನ ಪಕ್ಕದ ಸೀಟು ಊರು ಬರುವ ತನಕ ಖಾಲಿ.

ಬಾಗಿಲಲ್ಲೇ ಅಪ್ಪ ಕೇಳಿದ: "ಚಪ್ಪಾಳಿ ಬಿದ್ದುವೇನೋ?"

"ಭಾಳ ಬಿದ್ದುವಪ್ಪಾ."

ಹಿಗ್ಗಿನಿಂದ ಓಣಿಗೆಲ್ಲ ಹೇಳಿ ಬಂದ. ಯಾರು ತಟ್ಟಿದರೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಇಂದು ಹೇಳಬೇಕೆನಿಸಿತು. ಕೇಳಲು ಅಪ್ಪ ಇಲ್ಲ.