ಗೋಡೆಯ ಮೇಲಿನ ನೀಲಿ ಕೈ

ಹಂಪೇಶನ ಕೈಗುಣವನ್ನು ಹೊಗಳದವರು ಬಳ್ಳಾರಿಯ ಆ ಕಾಲೇಜಿನಲ್ಲಿ ಯಾರೂ ಇಲ್ಲ. ಹದಿನೆಂಟು ವರ್ಷದಿಂದ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್. ಜೀನ್ಸ್‌ಗೆ ಬಣ್ಣ ಹಾಕುವ ಶೆಡ್ಡುಗಳ ನೀಲಿ ನೀರನ್ನು ತಿಳಿ ಮಾಡಲು ಅಲ್ಲಿನ ಪ್ರಾಧ್ಯಾಪಕಿ ವರದಾ ಮೇಡಂ ಸಿದ್ಧಪಡಿಸುತ್ತಿದ್ದ ಪುಡಿಯನ್ನು ಅರೆದವನು, ಸುಟ್ಟವನು ಅವನೇ. ಟೈಟಾನಿಯಂ ಡೈಆಕ್ಸೈಡ್ ಎಂಬ ಆ ಪುಡಿ ಮೂಲದಲ್ಲಿ ಸುಣ್ಣದಷ್ಟು ಬಿಳಿ. ಯೂರಿಯಾ ಬೆರೆಸಿ ಸುಟ್ಟರೆ ತೆಳು ಹಳದಿಗೆ ತಿರುಗುತ್ತದೆ.

"ಬಿಳೀದು ಸುಡು ಬಿಸಲಿಗೆ ಮಾತ್ರ ಬಣ್ಣ ತಿಂತೈತ್ರಿ ಹಂಪೇಶ್. ಕಿಡಕಿ ಗಾಜಿನ ಹಿಂದ ಸುಮ್ನ ಕುಂದರ್ತೈತಿ. ಹಳದಿಗೆ ಸಾದಾ ಬೆಳಕೂ ಸಾಕು," ಎಂದು ಮೇಡಂ ನೂರು ಸಲ ಹೇಳಿದ್ದರು. ಹೇಳಿದ್ದು ಹೊತ್ತಿಗೆ ನೆನಪಾಗಬೇಕಲ್ಲ.

ಕುರುಗೋಡಿನ ಅವನ ಮನೆಯ ಹಳದಿ ಗೋಡೆಯ ಮೇಲೆ ಒಂದು ನೀಲಿ ಕೈಗುರುತಿತ್ತು. ಹೆಂಡತಿ ಕೊಟ್ರಬಸಮ್ಮನದು. ಬಣ್ಣದ ಶೆಡ್ಡಿನಲ್ಲಿ ದುಡಿದು ಬಂದವಳು ಉಸ್ಸೆಂದು ಕೂರುವಾಗ ಅದೇ ಜಾಗಕ್ಕೆ ಕೈ ಊರುತ್ತಿದ್ದಳು. ಗೋಡೆ ಹೊಲಸಾಯಿತೆಂದು ಬೈದವನು ಇವನೇ. ಮೂರು ವರ್ಷದ ಹಿಂದೆ ಜ್ವರ ಬಂದು ಅವಳು ಹೋದ ಮೇಲೆ, ಅದೇ ಗುರುತನ್ನು ದಿನಾ ನೋಡುತ್ತ ಕೂರುತ್ತಿದ್ದ, ಕೈಮುಗಿಯುವುದೊಂದು ಬಾಕಿ. ಮಗಳು ಅಕ್ಷತಾ ಸಿರುಗುಪ್ಪದ ಅಜ್ಜಿಯ ಮನೆಯಲ್ಲಿದ್ದು ಓದುತ್ತಾಳೆ. ರಜೆಗೆ ಬಂದಾಗಲೆಲ್ಲ ಆ ಗುರುತಿನ ಮೇಲೆ ಅಂಗೈ ಇಟ್ಟು ಅಳೆದುಕೊಳ್ಳುತ್ತಾಳೆ. ಹೋದ ಸಲ ಅವಳ ಕೈ ಅವ್ವನದಕ್ಕಿಂತ ಒಂದು ಗೆಣ್ಣು ಕಡಿಮೆಯಿತ್ತು.

ಈಚೆಗೆ ಗೋಡೆಯ ಬಣ್ಣ ಪುಡಿಪುಡಿಯಾಗಿ ಉದುರತೊಡಗಿತು. ಲ್ಯಾಬಿನ ಪುಡಿ ಗಾಜಿನ ಮೇಲೆ ಗಟ್ಟಿಯಾಗಿ ಕಚ್ಚುವುದನ್ನು ಹಂಪೇಶ ಕಂಡಿದ್ದ. ಗುರುತು ಉದುರದೆ ಉಳಿಯಲೆಂದು ಅದನ್ನೇ ನೀರಾಗಿ ಕಲಸಿ ಅದರ ಮೇಲೆ ತೆಳ್ಳಗೆ ಬಳಿದ. ಬಿಳಿಯದು ತೇಪೆಯಂತೆ ಕಂಡೀತೆಂದು ಗೋಡೆಗೆ ಹೊಂದುವ ಹಳದಿಯನ್ನೇ ಆರಿಸಿದ. ಬಣ್ಣ ನೋಡಿದ, ಗುಣ ಮರೆತ.

ಎಂಟನೇ ದಿನ ಕಿರುಬೆರಳು ಇರಲಿಲ್ಲ. ಕಣ್ಣು ಮಂಜಾಯಿತೇ ಎಂದುಕೊಂಡ. ಮರುವಾರ ಉಂಗುರಬೆರಳೂ ಹೋಯಿತು. ಕಿಟಕಿಯ ಕಡೆಯಿಂದಲೇ ಸವೆಯುತ್ತಿದೆ ಎಂದು ಗೊತ್ತಾದಾಗ ಮೇಡಂ ಹೇಳಿದ್ದು ನೆನಪಾಯಿತು. ಒರೆಸಿದರೆ ಉಳಿದ ನೀಲಿಯೂ ಬಟ್ಟೆಗೆ ಬರುತ್ತದೆ. ಕಿಟಕಿಗೆ ಕಂಬಳಿ ಕಟ್ಟಿದ, ಹಗಲಲ್ಲೂ ಕತ್ತಲಲ್ಲೇ ಉಂಡ. ಆದರೆ ಬಾಗಿಲು ತೆರೆಯದೆ ಬದುಕುವುದು ಹೇಗೆ? ಗೋಡೆಯ ಆಚೆಯಿಂದ ಹೆಂಡತಿಯೇ ಕೈಯನ್ನು ಒಂದೊಂದೇ ಬೆರಳಾಗಿ ಎಳೆದುಕೊಳ್ಳುತ್ತಿದ್ದಾಳೆ ಅನಿಸುತ್ತಿತ್ತು. ಅವನಿಗೆ ಹೆದರಿಕೆಯಾಗುತ್ತಿತ್ತು.

"ಬೈದಿದ್ದು ತಪ್ಪಾತು," ಎನ್ನುತ್ತಿದ್ದ ಗೋಡೆಗೆ. "ಮಗಳು ಬರೂತನಕರ ಇರು."

ದಸರಾ ರಜೆಗೆ ಅಕ್ಷತಾ ಬಂದಳು. ಹೆಗಲ ಚೀಲ ಇಳಿಸದೆ ಕಂಬಳಿ ಸರಿಸಿದಳು. ಗೋಡೆ ಬರೀ ಹಳದಿ. ಅಪ್ಪ ನಡೆದದ್ದನ್ನೆಲ್ಲ ತಲೆ ತಗ್ಗಿಸಿ ಹೇಳಿದ. ನೆನಪಿನ ಮೇಲೆಯೇ ಜಾಗ ಹುಡುಕಿ ಅಂಗೈ ಒತ್ತಿದಳು.

"ನೋಡಪ್ಪ, ಈಗ ಅವ್ವನಷ್ಟ ಆಗೈತೇನು?"

"ಆಗೈತಿ," ಎಂದ ಹಂಪೇಶ. "ಸರಿಯಾಗಿ ಕುಂತೈತಿ."

ಅವಳು ಕೈ ತೆಗೆದಾಗ ಗೋಡೆಯ ಮೇಲೆ ಬೆವರಿನ ಗುರುತೊಂದು ಉಳಿದಿತ್ತು. ಅದು ಆರುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.